ಆರ್ವಿಲ್ ಪೆಟೆಂಗಿಲ್ ಮಾತನ್ನು ಹರಾಜು ಹಾಕಿದ್ದು

ಹಾರ್ಲೋ ಫಾಲ್ಸ್ ಊರಿನಲ್ಲಿ ಆರ್ವಿಲ್ ಪೆಟೆಂಗಿಲ್‌ನ ಎದುರು ಮೂಗು ತುರಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನೇನು ರೌಡಿಯಲ್ಲ, ಪೊಲೀಸೂ ಅಲ್ಲ. ಹರಾಜು ಕೂಗುವವನು. ಅವನು ಸುತ್ತಿಗೆ ಹಿಡಿದು ನಿಂತ ಕಡೆ ಯಾರ ಕೈ ಮೇಲೆದ್ದರೂ ಅದು ಸವಾಲು. ಆ ಕೈ ನೊಣ ಓಡಿಸಲು ಎದ್ದಿತೋ, ಗುರುತಿನವರಿಗೆ ಬೀಸಲು ಎದ್ದಿತೋ ಎಂದು ವಿಚಾರಿಸುವುದು ಅವನ ಕಸುಬಿನಲ್ಲಿ ಇಲ್ಲ.

ಅವನ ಮದುವೆಯಾದದ್ದೂ ಹೀಗೆಯೇ. ನ್ಯೂ ಹ್ಯಾಂಪ್‌ಶೈರ್‌ನ ಆ ಬೆಟ್ಟದ ಸೀಮೆಯಲ್ಲಿ ಮೇ ತಿಂಗಳು ಬಂತೆಂದರೆ ಕಪ್ಪು ನೊಣಗಳ ಕಾಟ. ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತಿದ್ದ ವರ್ನಾ ಎಂಬ ಹುಡುಗಿ ಒಂದು ಶನಿವಾರ ಕನ್ನಡಿ ಕೊಳ್ಳಲೆಂದು ಹರಾಜಿಗೆ ಬಂದವಳು, ಕಿವಿಯ ಹತ್ತಿರ ಸುಳಿದ ನೊಣವನ್ನು ಅಟ್ಟಲು ಕೈ ಎತ್ತಿದಳು. ಸುತ್ತಿಗೆ ಬಿತ್ತು. ಒಂದು ಕಣ್ಣು ಮಂಜಾದ, ಎದುರಿಗೆ ಬಂದವರನ್ನೆಲ್ಲ ಹಾಯುವ ಒಂದು ಮುದಿ ಟಗರು ಅವಳ ಪಾಲಿಗೆ ಬಂತು. ಅವಳು ಎಷ್ಟು ಹಾರಾಡಿದರೂ ಆರ್ವಿಲ್ ಜಪ್ಪಯ್ಯ ಎನ್ನಲಿಲ್ಲ. “ಸುತ್ತಿಗೆ ಬಿದ್ಮೇಲೆ ಮುಗೀತು ಕಣಮ್ಮ” ಎಂದ. ವರ್ನಾ ಟಗರನ್ನು ಬಾಡಿಗೆ ಮನೆಯ ಹಿತ್ತಲಲ್ಲಿ ಕಟ್ಟಿಕೊಂಡು, ಆ ಬೇಸಿಗೆಯಿಡೀ ಅವನ ಪ್ರತಿಯೊಂದು ಹರಾಜಿಗೂ ಬಂದು, ಮುಂದಿನ ಸಾಲಿನಲ್ಲಿ ಕುಳಿತು, ನಾಲ್ಕು ಜನರ ಎದುರು ಅವನ ಮಾನ ಕಳೆದಳು. ಎಲೆ ಉದುರುವ ಹೊತ್ತಿಗೆ ಅವನು ಸೋತ. ಟಗರನ್ನು ಎರಡರಷ್ಟು ಬೆಲೆಗೆ ವಾಪಸು ಕೊಂಡು, ಜೊತೆಗೆ ಅವಳನ್ನೂ ಕೇಳಿದ. ಟಗರಿನಲ್ಲಿ ನಷ್ಟವಾದರೂ ಒಟ್ಟಿನಲ್ಲಿ ಲಾಭ ಎಂಬುದು ಅವನ ಲೆಕ್ಕ. ವರ್ನಾಳ ಲೆಕ್ಕ ನಲವತ್ತು ವರ್ಷವಾದರೂ ಇನ್ನೂ ಮುಗಿದಿಲ್ಲ.

ಕಸುಬು ನಗೆಯದ್ದೇ ಆದರೂ ಅದರಲ್ಲಿ ಒಂದು ಮುಳ್ಳಿತ್ತು. ವಾಷಿಂಗ್ಟನ್ನಿನಲ್ಲಿ ದೊಡ್ಡವರು ಯಾವುದೋ ದೇಶದವರ ಕೈ ಕುಲುಕಿ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಆರ್ವಿಲ್‌ಗೆ ಫೋನು ಬರುತ್ತಿತ್ತು: ‘ಕಾರ್ಖಾನೆ ಮುಚ್ತಾ ಇದೀವಿ, ಯಂತ್ರಗಳನ್ನ ಹರಾಜು ಹಾಕಿಕೊಡು.’ ಉಣ್ಣೆಯ ಗಿರಣಿ ಹೋಯಿತು, ಕುರ್ಚಿಯ ಕಾರ್ಖಾನೆ ಹೋಯಿತು, ಬೂಟಿನದ್ದೂ ಹೋಯಿತು. ಊರು ಬಡವಾದಾಗಲೆಲ್ಲ ಅವನ ವ್ಯಾನು ಹೊಸದಾಯಿತು. ಹೆಣ ಹೊರುವವನ ಮೇಲೆ ಯಾರಿಗೂ ಸಿಟ್ಟಿಲ್ಲ, ಆದರೆ ಅವನನ್ನು ಮದುವೆಗೆ ಕರೆಯುವಾಗ ಜನ ಒಂದು ಗಳಿಗೆ ಯೋಚಿಸುತ್ತಾರಲ್ಲ, ಹಾಗೆ.

ಬೂಟಿನ ಕಾರ್ಖಾನೆಯ ಹರಾಜಿನ ದಿನ ವರ್ನಾ ಕುಳಿತು ಹೊಲಿಯುತ್ತಿದ್ದ ಯಂತ್ರವೇ ಹಲಗೆಯ ಮೇಲೆ ಬಂದಾಗ ಆರ್ವಿಲ್ ತೀರ ಕಡಿಮೆ ಬೆಲೆಯಿಂದ, ಮೆಲ್ಲಗೆ ಶುರುಮಾಡಿದ. ಆಗ ಹಿಂದಿನ ಸಾಲಿನಿಂದ ವರ್ನಾಳ ಕೂಗು ಕೇಳಿತು: “ಅದು ಇನ್ನೂ ಜಾಸ್ತಿ ಬಾಳತ್ತೆ ಕಣೋ, ಸರಿಯಾಗಿ ಕೂಗು!” ಜನ ನಕ್ಕರು, ಅವನೂ ನಕ್ಕ. ಯಂತ್ರ ಒಳ್ಳೆಯ ಬೆಲೆಗೇ ಹೋಯಿತು. ಮರುವಾರವೇ ಅವಳು ಹೋರೇಸ್ ಟಿಲ್ಟನ್ನನ ಬಟ್ಟಲು ಗಿರಣಿಗೆ ಸೇರಿದಳು.

ಊರಿನಲ್ಲಿ ಉಳಿದದ್ದು ಆ ಗಿರಣಿ ಒಂದೇ. ಮೇಪಲ್ ಮರದ ದಿಮ್ಮಿಯನ್ನು ತಿರುಗುಯಂತ್ರಕ್ಕೆ ಕೊಟ್ಟು, ಒಂದರೊಳಗೊಂದು ಕೂರುವಂಥ ಬಟ್ಟಲುಗಳನ್ನು ಕೆತ್ತಿ, ಉಜ್ಜಿ, ಎಣ್ಣೆ ಹಚ್ಚಿ ಮಾರುವ ಕೆಲಸ. ಉಜ್ಜುವ ವಿಭಾಗಕ್ಕೆ ಈಗ ವರ್ನಾಳೇ ಯಜಮಾನಿ. ಅವಳ ಬೆರಳು ಒಪ್ಪದ ಬಟ್ಟಲು ಗಿರಣಿಯ ಬಾಗಿಲು ದಾಟುವುದಿಲ್ಲ. ಅವಳು ಒಪ್ಪಿದ ಬಟ್ಟಲಿನಲ್ಲಿ ಮೂರು ತಲೆಮಾರು ಸೊಪ್ಪು ಕಲಸಬಹುದು.

ಫೆಬ್ರವರಿಯ ಒಂದು ಬೆಳಗ್ಗೆ ಹೋರೇಸ್ ಆರ್ವಿಲ್‌ನನ್ನು ಕರೆಸಿಕೊಂಡ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಹೋರೇಸ್ ಮಾತು ಕಡಿಮೆಯವನು. ಅವನು ಎರಡು ವಾಕ್ಯ ಒಟ್ಟಿಗೆ ಆಡಿದರೆ ಹುಷಾರಿಲ್ಲವೇ ಎಂದು ಜನ ಕೇಳುತ್ತಿದ್ದರು. ಅಂದು ಅವನು ಬಹಳವೇ ಮಾತಾಡಿದ.

“ಪ್ರೈಮರಿ ಮುಗಿದ ಗುರುವಾರ ಬಾ. ಯಂತ್ರಗಳನ್ನ ಒಂದ್ಸಲ ನೋಡು. ಏನು ಬೆಲೆ ಬರಬಹುದು ಅಂತ ಹೇಳು.”

ಆರ್ವಿಲ್ ಕುರ್ಚಿ ಎಳೆದುಕೊಂಡು ಕುಳಿತ. “ಏನಯ್ಯಾ, ವ್ಯಾಪಾರ ಚೆನ್ನಾಗೇ ಇದೆಯಲ್ಲ?”

“ಇದೆ. ಅಂಗಡಿಯವರು ಮುಂದಿನ ಆರ್ಡರ್ ಕೊಡ್ತಿಲ್ಲ. ವಾಷಿಂಗ್ಟನ್ನಲ್ಲಿ ಸಹಿಗೆ ಕಾದಿರೋ ಆ ದೊಡ್ಡ ವ್ಯಾಪಾರದ ಒಪ್ಪಂದ ಬಂದ್ರೆ ಸಮುದ್ರದ ಆಚೆ ದಡದಿಂದ ಅಗ್ಗದ ಬಟ್ಟಲು ಬರತ್ತೆ, ನೋಡೋಣ ಅಂತಾರೆ. ಚಳಿಗೆ ನೆಲ ಗಡ್ಡೆ ಕಟ್ಟಿರುವಾಗಲೇ ಕಾಡಿಂದ ಮರ ಎಳೀಬೇಕು. ಕೆಸರಾದ್ಮೇಲೆ ಲಾರಿ ಹೋಗಲ್ಲ. ಯಾವ ಮರ ತರಿಸ್ಲಿ ಹೇಳು?”

“ಒಪ್ಪಂದ ಬೇಡ ಅಂತ ಆದ್ರೆ?”

“ಸಣ್ಣ ಬಟ್ಟಲು ಮಾಡಿ ಇಲ್ಲೇ ಮಾರ್ತೀನಿ.”

“ಬೇಕು ಅಂತ ಆದ್ರೆ?”

“ಸಣ್ಣದು ಬಿಟ್ಟು, ದಪ್ಪ ಮರ ತರಿಸಿ, ಭಾರೀ ಬಟ್ಟಲು ಮಾಡಿ ಆಚೆ ದಡಕ್ಕೇ ಮಾರ್ತೀನಿ. ಅಲ್ಲಿ ಕೇಳೋರಿದಾರೆ. ಬೇಕು ಅಂದ್ರೂ ಬದುಕ್ತೀನಿ, ಬೇಡ ಅಂದ್ರೂ ಬದುಕ್ತೀನಿ ಆರ್ವಿಲ್. ಈ ‘ನೋಡೋಣ’ ಇದೆಯಲ್ಲ, ಅದರಲ್ಲೇ ಸಾಯೋದು. ಅವರಿಬ್ಬರೂ ನೋಡೋಣ ಅಂತಾರೆ, ಅದಕ್ಕೆ ಅಂಗಡಿಯವ್ರೂ ನೋಡೋಣ ಅಂತಾರೆ. ನಂಗೂ ವಯಸ್ಸಾಯ್ತು. ಮಾರಿಬಿಡ್ತೀನಿ.”

ಅವರಿಬ್ಬರು ಎಂದರೆ ಸೆನೆಟರ್ ಲೇತ್ರಪ್ ಮತ್ತು ಗವರ್ನರ್ ರೊಸಾಲಿಂಡ್ ಮೇಬ್ರಿ. ಇಬ್ಬರದೂ ಒಂದೇ ಪಕ್ಷ, ಇಬ್ಬರಿಗೂ ದೇಶದ ಅಧ್ಯಕ್ಷ ಪದವಿಯ ಟಿಕೆಟ್ ಬೇಕು. ಆ ದೇಶದಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ, ಊರೂರಿನ ಮತದಾರರು. ಅದಕ್ಕೇ ಪ್ರೈಮರಿ ಎಂದು ಹೆಸರು, ಅದು ಮೊದಲು ನಡೆಯುವುದು ಈ ಪುಟ್ಟ ರಾಜ್ಯದಲ್ಲಿ. ಹೀಗಾಗಿ ನಾಲ್ಕು ವರ್ಷಕ್ಕೊಮ್ಮೆ ಇಲ್ಲಿನವರ ಕೊಬ್ಬು ಹೇಳತೀರದು. ನಾಳೆ ಸೈನ್ಯ ನಡೆಸಬೇಕಾದವರು ಇಂದು ಇವರ ಅಂಗಳದ ಹಿಮ ತುಳಿದು ಬಂದು ಬಾಗಿಲು ತಟ್ಟುತ್ತಾರೆ. “ಯಾರಿಗೆ ಓಟು?” ಎಂದು ಪತ್ರಿಕೆಯವರು ಕೇಳಿದರೆ, “ಅದು ಹೇಗೆ ಹೇಳೋದು? ಆಯಮ್ಮನ್ನ ಇನ್ನೂ ಎರಡೇ ಸಲ ಭೇಟಿ ಆಗಿರೋದು” ಎನ್ನುವ ಜನ ಇವರು. ಹೆಣ್ಣು ನೋಡಲು ಹೋದವರೂ ಇಷ್ಟು ಸತಾಯಿಸುವುದಿಲ್ಲ.

ವರ್ನಾಳಿಗೆ ಹೇಳಕೂಡದೆಂದು ಹೋರೇಸ್ ಮಾತು ತೆಗೆದುಕೊಂಡಿದ್ದ. ಆರ್ವಿಲ್ ಮನೆಗೆ ಬಂದು ಸೂಪಿನ ಮುಂದೆ ಕುಳಿತ. ಅರ್ಧ ಬಟ್ಟಲು ಖಾಲಿಯಾಗುವುದರೊಳಗೆ ವರ್ನಾ ಚಮಚ ಕೆಳಗಿಟ್ಟಳು.

“ಹೋರೇಸ್ ಕರೆಸಿದ್ನಾ?”

“ಇಲ್ವಲ್ಲ.”

“ಊರಿನವರ ಮೂಗು ತುರಿಸೋದನ್ನೂ ನೋಡಿ ಬೆಲೆ ಕಟ್ತೀಯ. ನಿನ್ನ ಮುಖ ನೋಡಿ ನಾನು ಕಟ್ಟಕ್ಕಾಗಲ್ವಾ? ಯಂತ್ರ ನೋಡಕ್ಕೆ ಬಾ ಅಂದ್ನಾ?”

ಆರ್ವಿಲ್ ಬ್ರೆಡ್ಡನ್ನು ಬಹಳ ಗಮನವಿಟ್ಟು ಅಗಿದ.

“ಒಂದ್ಮಾತು ಕೇಳಿಸ್ಕೋ” ಎಂದಳು ವರ್ನಾ. “ಒಂದ್ಸಲ ನನ್ನ ಕೆಲಸ ನೀನೇ ಕೂಗಿ ಮಾರಿದೀಯ. ಆವತ್ತು ನಿನ್ನ ಬೆನ್ನು ತಟ್ಟಿದೆ. ಇನ್ನೊಂದ್ಸಲ ಆ ಗಿರಣಿ ಮೇಲೆ ನಿನ್ನ ಸುತ್ತಿಗೆ ಬಿದ್ರೆ, ಮುಂದಿನ ಹರಾಜು ನಿನ್ನ ಹಾಸಿಗೇದು. ಅದನ್ನ ನಾನು ಕೂಗ್ತೀನಿ. ಬೀದೀಲಿ ಇಟ್ಟು.”

ಅವಳು ನಗುತ್ತಲೇ ಹೇಳಿದ್ದಳು. ಆದರೆ ತಟ್ಟೆಗಳನ್ನು ಎತ್ತುವಾಗ ಅವಳ ಕೈ ಸ್ವಲ್ಪ ಜೋರಾಗಿತ್ತು. ಆರ್ವಿಲ್‌ಗೆ ಅರ್ಥವಾಯಿತು. ಎಪ್ಪತ್ತರ ಹತ್ತಿರ ಬಂದ ಹೆಂಗಸಿಗೆ ಇನ್ನೊಂದು ಗಿರಣಿ ಸಿಗುವುದಿಲ್ಲ. ಊರಿನಲ್ಲಿ ಇನ್ನೊಂದು ಗಿರಣಿಯೇ ಇಲ್ಲ. ಅವನಿಗೆ ಆ ಹರಾಜಿನಿಂದ ಬರುವ ದಲ್ಲಾಳಿ ಹಣ ಇಡೀ ವರ್ಷದ ಗಳಿಕೆ. ಆ ಗಳಿಕೆ ಬೇಡವೆಂದು ದೇವರಲ್ಲಿ ಬೇಡಿಕೊಂಡದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಮಾಡಬೇಕಾದದ್ದು ಇಷ್ಟೇ. ಇಬ್ಬರು ಅಭ್ಯರ್ಥಿಗಳ ಬಾಯಿಂದ ಒಂದೊಂದು ನೇರ ಮಾತು ಹೊರಡಿಸಬೇಕು. ಅವನು ಜೀವನವಿಡೀ ಕೊಳ್ಳಲು ಮನಸ್ಸಿಲ್ಲದವರಿಂದ ‘ಹೂಂ’ ಹೊರಡಿಸಿದವನು. ಇದೇನು ಮಹಾ ಎಂದುಕೊಂಡ.

ಮಾರನೆಯ ದಿನವೇ ಸೆನೆಟರ್ ಲೇತ್ರಪ್ ಊರಿನ ಹೋಟೆಲಿಗೆ ಬಂದ. ಎತ್ತರದ ಆಳು, ಬೆಳ್ಳಿಯಂಥ ಕೂದಲು, ಕೈ ಕುಲುಕಿದರೆ ಹಾಲು ಕರೆಯುವವನ ಹಿಡಿತ. ಸೀದಾ ಬಂದು ಆರ್ವಿಲ್‌ನ ಎದುರು ಕುಳಿತ. ಆರ್ವಿಲ್ ಮೊಟ್ಟೆ ತಿನ್ನುವುದನ್ನು ನಿಲ್ಲಿಸಿ ಕೇಳಿದ:

“ಸೆನೆಟರ್, ಆ ದೊಡ್ಡ ಒಪ್ಪಂದ ನಿಮಗೆ ಬೇಕೋ, ಬೇಡ್ವೋ?”

“ಬಹಳ ಒಳ್ಳೇ ಪ್ರಶ್ನೆ, ಆರ್ವಿಲ್! ಇಂಥ ಪ್ರಶ್ನೆ ಕೇಳೋರು ಬೇಕು. ನೋಡಿ, ನಮ್ಮ ತಾತ ಗಿರಣಿ ಕೆಲಸಗಾರ...”

ತಾತ ಗಿರಣಿಗೆ ಸೇರಿ, ಮದುವೆಯಾಗಿ, ಸೆನೆಟರನ ಅಪ್ಪ ಹುಟ್ಟಿ, ಯುದ್ಧಕ್ಕೆ ಹೋಗಿ, ವಾಪಸು ಬರುವಷ್ಟರಲ್ಲಿ ಮೊಟ್ಟೆ ಆರಿ ಚಕ್ಕಳವಾಯಿತು. ಕೊನೆಗೆ, “ವ್ಯಾಪಾರ ಮುಕ್ತವಾಗಿರಬೇಕು, ಆದ್ರೆ ನ್ಯಾಯವಾಗಿಯೂ ಇರಬೇಕು. ಅದೇ ನನ್ನ ನಿಲುವು” ಎಂದ ಸೆನೆಟರ್.

“ಮಳೆ ಬರಬೇಕು, ಆದ್ರೆ ಯಾರೂ ನೆನೀಬಾರ್ದು ಅಂದಂಗಾಯ್ತು” ಎಂದ ಆರ್ವಿಲ್. “ಬಂದರಿನ ಊರಲ್ಲಿ ನೀವು ಬೇಕು ಅಂದ್ರಂತೆ, ಆ ಕಡೆ ಮುಚ್ಚಿದ ಕಾಗದದ ಗಿರಣಿ ಗೇಟಿನ ಮುಂದೆ ಬೇಡ ಅಂದ್ರಂತೆ. ನಮ್ಮೂರು ನಡುವೆ ಇದೆ. ನಮಗೇನಂತೀರಿ?”

ಸೆನೆಟರ್ ಗಟ್ಟಿಯಾಗಿ ನಕ್ಕು, ಅವನ ಹೆಗಲು ತಟ್ಟಿ, ಪಕ್ಕದ ಮೇಜಿಗೆ ಜಾರಿದ.

ಎರಡು ದಿನ ಬಿಟ್ಟು ಲೈಬ್ರರಿಯಲ್ಲಿ ಗವರ್ನರ್ ಮೇಬ್ರಿಯ ಚಹಾ ಕೂಟ. ಗಿಡ್ಡಗೆ, ದುಂಡಗೆ, ಚುರುಕು ಕಣ್ಣಿನ ಹೆಂಗಸು. ತನ್ನ ರಾಜ್ಯದಲ್ಲಿ ಅಪ್ಪನ ಕಾಲದಿಂದ ಬೀಜದ ಅಂಗಡಿ ಇಟ್ಟವಳು. ವ್ಯಾಪಾರಸ್ಥರ ಮನೆಯವಳಲ್ಲವೇ, ಇವಳು ಹೇಳಿಯಾಳು ಎಂದು ಆರ್ವಿಲ್‌ಗೆ ಆಸೆ.

“ಈಗಿರೋ ರೂಪದಲ್ಲಿ ನಾನದನ್ನ ಒಪ್ಪಲ್ಲ” ಎಂದಳು ಗವರ್ನರ್.

“ಯಾವ ರೂಪದಲ್ಲಿ ಒಪ್ತೀರಿ ಮೇಡಂ?”

“ಅದು ಆ ರೂಪ ಬಂದಾಗ ನೋಡಬೇಕು.”

“ನನ್ನ ಹತ್ರ ಒಬ್ಬರು ಹೀಗೇ ಬರ್ತಿದ್ರು ಮೇಡಂ. ಬಟ್ಟೆ ಬೀರು ಬೇಕು, ಆದ್ರೆ ಈ ಬೀರು ಅಲ್ಲ ಅಂತ. ವರ್ಷಾನುಗಟ್ಟಲೆ ಬಂದ್ರು. ಅವರ ಬಟ್ಟೆ ಇನ್ನೂ ಕುರ್ಚಿ ಮೇಲೇ ಬಿದ್ದಿದೆ.”

ಗವರ್ನರ್ ಚಹಾ ಚೆಲ್ಲುವಂತೆ ನಕ್ಕಳು. ಒಳ್ಳೆಯ ನಗು, ಕಳ್ಳತನವಿಲ್ಲದ್ದು. ಆದರೆ ನಗುವಿನ ಆಚೆಗೆ ಒಂದು ಅಕ್ಷರವೂ ಹೊರಡಲಿಲ್ಲ.

ಶುಕ್ರವಾರ ಸಂಜೆ ವರ್ನಾ ಅಡುಗೆಮನೆಯಲ್ಲಿ ಹೂರಣ ತುಂಬಿ ಸುಡುವ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು. ಮರುದಿನ ಊರಿನ ಅಗ್ನಿಶಾಮಕ ದಳದ ಸಹಾಯಾರ್ಥ ಪೈ ಹರಾಜು. ವರ್ಷವರ್ಷವೂ ಹೆಂಗಸರು ಪೈ ಮಾಡಿ ತರುತ್ತಾರೆ, ಆರ್ವಿಲ್ ಕೂಗುತ್ತಾನೆ, ಬಂದ ಹಣದಲ್ಲಿ ಬೆಂಕಿ ಆರಿಸುವ ಲಾರಿಗೆ ಪೈಪೋ ಟೈರೋ ಬರುತ್ತದೆ. ಪ್ರೈಮರಿಯ ವರ್ಷದಲ್ಲಿ ಅಭ್ಯರ್ಥಿಗಳು ಈ ಹರಾಜು ತಪ್ಪಿಸಿಕೊಳ್ಳುವುದು ಅಪರೂಪ. ತಪ್ಪಿಸಿಕೊಂಡವರು ಗೆದ್ದದ್ದೂ ಇಲ್ಲ ಎಂದು ಊರಿನವರ ನಂಬಿಕೆ. ವರ್ನಾಳದ್ದು ಜಿಂಕೆಯ ಮಾಂಸ, ಸೇಬು, ಒಣದ್ರಾಕ್ಷಿ ಸೇರಿಸಿ ವಾರಗಟ್ಟಲೆ ನೆನೆಸಿದ ಹೂರಣದ ಪೈ. ಅದನ್ನು ಯಾವಾಗಲೂ ಕೊನೆಗೇ ಕೂಗುವುದು.

“ಏನಂದ್ರು ನಿನ್ನ ದೊಡ್ಡ ಮನುಷ್ಯರು?” ಎಂದು ಕೇಳಿದಳು.

“ಬಹಳ ಅಂದ್ರು.”

“ಮಾತು ಅವರಿಗೆ ಪುಕ್ಕಟೆ ಸಿಗತ್ತೆ. ಅದಕ್ಕೇ ಚೆಲ್ತಾರೆ. ಒಂದೊಂದು ಪದಕ್ಕೂ ನನ್ನ ಹೂರಣದಷ್ಟು ಖರ್ಚಾಗಿದ್ರೆ ಆಗ ನೋಡ್ಬೇಕಿತ್ತು.”

ಆರ್ವಿಲ್ ಅವಳನ್ನೇ ನೋಡುತ್ತ ನಿಂತ. ಆಮೇಲೆ ಹಿಟ್ಟು ಮೆತ್ತಿದ ಅವಳ ಕೆನ್ನೆಗೆ ಮುತ್ತಿಟ್ಟು, ಹರಾಜಿನ ಸಾಮಾನು ಇಡುವ ಕೊಟ್ಟಿಗೆಯ ಕಡೆ ಹೊರಟೇಹೋದ. “ಏನಾಯ್ತೋ ನಿಂಗೆ?” ಎಂದು ವರ್ನಾ ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಶನಿವಾರ ರೈತರ ಸಂಘದ ಸಭಾಂಗಣ ತುಂಬಿ ಬಾಗಿಲಾಚೆಗೂ ಜನ. ಒದ್ದೆ ಉಣ್ಣೆಯ ವಾಸನೆ, ಕಾಫಿಯ ವಾಸನೆ, ಟೀವಿಯವರ ದೀಪ. ಸೆನೆಟರ್ ಒಂದು ಗೋಡೆಗೆ, ಗವರ್ನರ್ ಇನ್ನೊಂದು ಗೋಡೆಗೆ. ಇಬ್ಬರ ಹಿಂದೆಯೂ ಕಪ್ಪು ಕೋಟಿನ ಸಹಾಯಕರು. ಹಿಂದಿನ ಸಾಲಿನ ಮೂಲೆಯಲ್ಲಿ ಕಾಗದದ ಲೋಟ ಹಿಡಿದು ಹೋರೇಸ್ ಟಿಲ್ಟನ್.

ಮೊದಲ ಸೇಬಿನ ಪೈ ಮೇಲೆ ಬಂತು. ಆರ್ವಿಲ್‌ನ ನಾಲಿಗೆ ಚಕ್ರಕ್ಕೆ ಸಿಕ್ಕ ದಿಮ್ಮಿಯಂತೆ ತಿರುಗತೊಡಗಿತು. ಅಷ್ಟರಲ್ಲಿ ಸೆನೆಟರ್ ದೂರದಲ್ಲಿ ಕಂಡ ಯಾರೋ ಆಲೂಗಡ್ಡೆ ರೈತನಿಗೆ ಕೈ ಬೀಸಿದ.

“ಸೆನೆಟರ್ ಅವರಿಗೆ!” ಸುತ್ತಿಗೆ ಬಿತ್ತು.

ಸೆನೆಟರ್ ಪೆಚ್ಚಾಗಿ ನಕ್ಕ. ಎರಡನೆಯದು ಕುಂಬಳಕಾಯಿ ಪೈ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೈ ಬೀಸಿದಳು; ಅವನೂ ಬೀಸಿದ. ಸುತ್ತಿಗೆ ಬಿತ್ತು. ಮತ ಕೇಳುವವನಿಗೆ ಕೈ ಬೀಸುವುದು ಉಸಿರಾಟದ ಹಾಗೆ, ನಿಲ್ಲಿಸಿದರೆ ಪ್ರಾಣಕ್ಕೇ ಬರುತ್ತದೆ. ಇದು ಸಭೆಗೆಲ್ಲ ತಿಳಿದದ್ದೇ ತಡ, ಮೂಲೆಮೂಲೆಯಿಂದ ಅವನಿಗೆ ಕೈ ಬೀಸುವುದೇ ಬೀಸುವುದು. “ಸೆನೆಟರ್, ಇಲ್ಲಿ! ಇಲ್ಲಿ ನೋಡಿ!” ಅವನ ಸಹಾಯಕ ಬಂದು ಅವನ ಎರಡೂ ಕೈಗಳನ್ನು ಜೇಬಿಗೆ ತುರುಕುವಷ್ಟರಲ್ಲಿ ಅವನ ಮುಂದಿನ ಮೇಜಿನಲ್ಲಿ ಪೈಗಳ ಗೋಪುರ ಎದ್ದಿತ್ತು. ಗವರ್ನರ್ ಮೇಬ್ರಿ ಮೊದಲಿನಿಂದಲೂ ಕೈ ಕಟ್ಟಿಕೊಂಡೇ ನಿಂತಿದ್ದಳು. ಅಂಗಡಿಯವಳು.

ಕೊನೆಗೆ ವರ್ನಾಳ ಪೈ ಬಂತು. ಆರ್ವಿಲ್ ಸುತ್ತಿಗೆಯನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡ.

“ಈ ಪೈಗೆ ದುಡ್ಡು ತಗೊಳಲ್ಲ” ಎಂದ. ಅವನ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. “ಇದಕ್ಕೆ ಸವಾಲು ಕೂಗೋದು ಪದದಲ್ಲಿ. ಕೂಗಬಹುದಾದವರು ಇಬ್ಬರೇ, ಸೆನೆಟರ್ ಅವರು, ಗವರ್ನರ್ ಅವರು. ಪ್ರಶ್ನೆ ಒಂದೇ. ಗೆದ್ರೆ ಆ ದೊಡ್ಡ ಒಪ್ಪಂದಕ್ಕೆ ನೀವು ಸಹಿ ಹಾಕ್ತೀರೋ ಇಲ್ವೋ? ಎಷ್ಟು ಪದದಲ್ಲಿ ಹೇಳ್ತೀರಿ ಅನ್ನೋದು ಸವಾಲು. ಯಾರು ಕಮ್ಮಿ ಪದ ಕೂಗ್ತಾರೋ ಅವರಿಗೆ ಪೈ. ಹೇಳಿದ ಪದ ಇಲ್ಲೇ ಎಣಿಸಿ ಕೊಡಬೇಕು.”

ಕಪ್ಪು ಕೋಟುಗಳು ಎರಡೂ ಗೋಡೆಯಲ್ಲಿ ಒಟ್ಟಿಗೆ ಅಲುಗಾಡಿದವು. ಜನ ಕುರ್ಚಿ ಕುಟ್ಟತೊಡಗಿದರು. ಟೀವಿಯ ದೀಪ ತಿರುಗಿತು. ಈಗ ಹಿಂದೆ ಸರಿದರೆ ಓಡಿಹೋದಂತೆ. ಮತದಾನಕ್ಕೆ ಉಳಿದದ್ದು ಮೂರೇ ದಿನ.

“ನೂರು ಪದ” ಎಂದ ಸೆನೆಟರ್, ಧಾರಾಳವಾಗಿ.

“ತೊಂಬತ್ತೊಂಬತ್ತು” ಎಂದಳು ಗವರ್ನರ್. ಜನ ಹೋ ಎಂದರು.

ಹರಾಜು ಕೂಗುವವನು ವಸ್ತುವನ್ನು ಮಾರುವುದಿಲ್ಲ, ಪಕ್ಕದವನ ಹೊಟ್ಟೆಕಿಚ್ಚನ್ನು ಮಾರುತ್ತಾನೆ. ಆರ್ವಿಲ್ ಸೆನೆಟರ್ ಕೂಗಿದಾಗ ಗವರ್ನರ್ ಕಡೆ ನೋಡುತ್ತಿದ್ದ, ಗವರ್ನರ್ ಕೂಗಿದಾಗ ಸೆನೆಟರ್ ಕಡೆ ನೋಡುತ್ತಿದ್ದ, ಅಯ್ಯೋ ಪಾಪ ಎನ್ನುವ ಹಾಗೆ. ಆ ನೋಟ ಚೂರಿಗಿಂತ ಹರಿತ.

“ತೊಂಬತ್ತೊಂಬತ್ತು ಬಂತು, ಇಷ್ಟು ಮಾತಿಗೆ ಪೈ ಅಲ್ಲ, ಪೈ ಇಟ್ಟ ತಟ್ಟೆನೂ ಬರಲ್ಲ. ಐವತ್ತು ಯಾರು?”

“ಐವತ್ತು!”

“ಮೂವತ್ತು!”

“ಇಪ್ಪತ್ತು!”

“ಇಪ್ಪತ್ತಕ್ಕೆ ಸೆನೆಟರ್ ಅವರದ್ದು. ಮೇಡಂ, ಹೋಗ್ಲಿ ಬಿಡಿ, ನಿಮಗೆ ಕಷ್ಟ ಅನ್ಸತ್ತೆ...”

“ಹತ್ತು” ಎಂದಳು ಗವರ್ನರ್. ಅವಳ ಕಣ್ಣು ಹೊಳೆಯುತ್ತಿತ್ತು. ಸಹಾಯಕನೊಬ್ಬ ಕಿವಿಯಲ್ಲಿ ಏನೋ ಹೇಳಲು ಬಂದರೆ ಮೊಣಕೈಯಿಂದ ನೂಕಿದಳು.

“ಐದು!” ಸೆನೆಟರ್‌ನ ಕೈಗಳು ಜೇಬಿನಿಂದ ಹೊರಗೆ ಬಂದಿದ್ದವು.

“ಮೂರು.”

ಸೆನೆಟರ್ ಬೆರಳು ಮಡಚಿ ಲೆಕ್ಕ ಹಾಕಿದ. ಆರ್ವಿಲ್ ಸುತ್ತಿಗೆ ಎತ್ತಿದ. “ಮೂರಕ್ಕೆ ಗವರ್ನರ್ ಅವರದ್ದು... ಒಂದ್ನೇ ಸಾರಿ...”

ಸೆನೆಟರ್ ಬಾಯಿ ತೆರೆಯುವಷ್ಟರಲ್ಲಿ ಗವರ್ನರೇ ಇನ್ನೂ ಕೆಳಗಿಳಿದಳು. “ಎರಡು.”

“ಮೇಡಂ, ನಿಮ್ಮ ಮೇಲೆ ನೀವೇ ಕೂಗ್ತಿದೀರಿ!”

“ಗೊತ್ತು. ಅವರ ಮುಖ ನೋಡಕ್ಕೆ.”

ಸಭೆ ಛಾವಣಿ ಕಿತ್ತುಹೋಗುವಂತೆ ನಕ್ಕಿತು. ಸೆನೆಟರ್‌ನ ಕಿವಿ ಕೆಂಪಾಯಿತು. “ಒಂದು!” ಎಂದು ಗುಡುಗಿದ.

ಸುತ್ತಿಗೆ ಬಿತ್ತು. ಬಿದ್ದ ಮೇಲೆಯೇ ಸೆನೆಟರ್‌ಗೆ ತಾನು ಏನು ಕೊಂಡೆನೆಂಬುದು ಹೊಳೆದದ್ದು. ಅವನು ಸಹಾಯಕನ ಕಡೆ ನೋಡಿದ. ಸಹಾಯಕ ಛಾವಣಿಯ ಕಡೆ ನೋಡುತ್ತಿದ್ದ. ಸೆನೆಟರ್ ಗಂಟಲು ಸರಿಮಾಡಿಕೊಂಡ.

“ಪರಿಶೀಲಿಸ್ತೀನಿ.”

ಒಂದೇ ಪದ, ತಕರಾರಿಲ್ಲ. ಆದರೆ ಸಭೆಯಿಂದ ಎದ್ದ ಗದ್ದಲಕ್ಕೆ ಕಿಟಕಿಯ ಗಾಜು ಅದುರಿತು. ಆರ್ವಿಲ್ ಕೈ ಎತ್ತಿ ಜನರನ್ನು ಸುಮ್ಮನಿರಿಸಿದ.

“ಸೆನೆಟರ್, ಕೊಡಲಿ ಅಂತ ಬರೆದ ಪೆಟ್ಟಿಗೇಲಿ ಚಮಚ ಇದ್ರೆ ನನ್ನ ಹರಾಜಲ್ಲಿ ಮಾರಾಟ ರದ್ದು. ಹಿಂದಿನ ಸವಾಲಿನವರಿಗೆ ಹೋಗತ್ತೆ. ಇದು ನಾನು ಈಗ ಮಾಡಿದ ಕಾಯ್ದೆ ಅಲ್ಲ, ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಗವರ್ನರ್ ಅವರೇ, ನಿಮ್ಮದು ಎರಡು.”

ಗವರ್ನರ್ ಮೇಬ್ರಿ ನಗುವುದನ್ನು ನಿಲ್ಲಿಸಿದಳು. ಜನರ ಕಡೆ ನೋಡಿದಳು, ಹಿಂದಿನ ಗೋಡೆಯವರೆಗೂ ನೋಡಿದಳು. ಅಂಗಡಿಯಲ್ಲಿ ತೂಗಿದ ಬೀಜದ ಚೀಲವನ್ನು ಗಿರಾಕಿಯ ಕೈಗೆ ಕೊಡುವವಳ ಹಾಗೆ ಹೇಳಿದಳು:

“ಸಹಿ ಹಾಕಲ್ಲ.”

ಚಪ್ಪಾಳೆ ಶುರುವಾಗುವ ಮೊದಲೇ ಆ ಗೋಡೆಯಿಂದ ಸೆನೆಟರ್‌ನ ದನಿ ಬಂತು. “ಹಾಕ್ತೀನಿ!” ಪೈಗಳ ಗೋಪುರದ ಹಿಂದೆ ಎದ್ದು ನಿಂತಿದ್ದ. “ಆಯ್ತಾ? ಹಾಕ್ತೀನಿ! ಮೊದಲಿಂದಲೂ ಹಾಕಬೇಕು ಅಂತಲೇ ನನ್ನ ಮನಸ್ಸಲ್ಲಿ ಇತ್ತು!” ಅವನ ಸಹಾಯಕನ ಕೈಯಿಂದ ಲೋಟ ಬಿತ್ತು. ಆದರೆ ಸೆನೆಟರ್‌ನ ಮುಖ ನೋಡಿದರೆ, ದಿನವಿಡೀ ಬಿಗಿ ಬೂಟಿನಲ್ಲಿ ನಡೆದವನು ಮನೆಗೆ ಬಂದು ಅದನ್ನು ಕಳಚಿದ ಹಾಗಿತ್ತು.

ಆಗ ಆಲೂಗಡ್ಡೆಯ ರೈತ, ಒಪ್ಪಂದದ ಹೆಸರೆತ್ತಿದರೆ ಉಗಿಯುವವನು, “ಅಂತೂ ಬಾಯಿ ಬಿಟ್ನಲ್ಲಪ್ಪ!” ಎಂದು ಚಪ್ಪಾಳೆ ತಟ್ಟಿದ. ಇಬ್ಬರಿಗೂ ಸೇರಿಯೇ ಚಪ್ಪಾಳೆ ಬಿತ್ತು. ಪೈ ಯಾರದ್ದು ಎಂಬ ಜಗಳ ಶುರುವಾದಾಗ ವರ್ನಾ ಚಾಕು ತಂದು ನಡುವೆ ಕೊಯ್ದು, ಒಂದರ್ಧವನ್ನು ಗವರ್ನರ್‌ಗೆ, ಇನ್ನೊಂದರ್ಧವನ್ನು ಸೆನೆಟರ್‌ಗೆ ಕೊಟ್ಟಳು. “ನಿಮಗೆ ಯಾಕೆ ಕೊಡ್ತಿದೀನೋ ಗೊತ್ತಿಲ್ಲ. ನೀವು ಗೆದ್ರೆ ನನಗೆ ಕೈ ತುಂಬ ಕೆಲಸ, ಭಾರೀ ಬಟ್ಟಲು ಉಜ್ಜಿ ಉಜ್ಜಿ ಸೊಂಟ ಬೀಳತ್ತೆ” ಎಂದು ಸೆನೆಟರ್‌ಗೆ ಹೇಳಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಬಾಯಿ ತುಂಬ ಪೈ ಇದ್ದುದರಿಂದ ಭಾಷಣವನ್ನೂ ಮಾಡಲಿಲ್ಲ.

ಆರ್ವಿಲ್ ಹಿಂದಿನ ಸಾಲಿನ ಮೂಲೆ ನೋಡಿದ. ಹೋರೇಸ್‌ನ ಕುರ್ಚಿ ಖಾಲಿ.

ಭಾನುವಾರವೂ ಸೋಮವಾರವೂ ಹೋರೇಸ್‌ನಿಂದ ಒಂದು ಸುದ್ದಿಯೂ ಇಲ್ಲ. ಪತ್ರಿಕೆಗಳಲ್ಲಿ ಮಾತ್ರ ಇದೇ ಸುದ್ದಿ. ಆರ್ವಿಲ್ ಸುತ್ತಿಗೆ ಎತ್ತಿದ ಚಿತ್ರ ಎಲ್ಲ ಕಡೆ ಬಂತು. ಚಿತ್ರದಲ್ಲಿ ಅವನ ಬಾಯಿ ತೆರೆದಿತ್ತು. “ನಿನ್ನ ಬಾಯಿ ಮುಚ್ಚಿದ ಚಿತ್ರ ಎಲ್ಲೂ ಸಿಗಲ್ಲ ಬಿಡು” ಎಂದಳು ವರ್ನಾ. ಮಂಗಳವಾರ ಮತದಾನ. ರಾಜ್ಯದಲ್ಲಿ ಗೆದ್ದದ್ದು ಗವರ್ನರ್ ಮೇಬ್ರಿ. ಹಾರ್ಲೋ ಫಾಲ್ಸ್ ಊರಿನಲ್ಲಿ ಮಾತ್ರ ಸೆನೆಟರ್ ಲೇತ್ರಪ್‌ಗೆ ಹೆಚ್ಚು ಮತ ಬಿತ್ತು. ಒಪ್ಪಂದ ಬೇಕೆಂದಲ್ಲ. ಅಷ್ಟು ಪೈ ಕೊಂಡ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ ಎಂದು.

“ನೀನು ಯಾರಿಗೆ ಹಾಕ್ದೆ?” ಎಂದು ವರ್ನಾ ಕೇಳಿದಳು.

“ಗುಟ್ಟು.”

“ಅಂದ್ರೆ ಆಯಮ್ಮನಿಗೆ.”

“ಅದು ಹೇಗೆ ಹೇಳ್ತೀಯ?”

“ಅವನಿಗೆ ಹಾಕಿದ್ರೆ ಜಂಬ ಕೊಚ್ತಿದ್ದೆ.”

ಬುಧವಾರ ಹೋರೇಸ್ ಆರ್ವಿಲ್‌ನ ಕೊಟ್ಟಿಗೆಗೆ ಬಂದ. ಟೊಪ್ಪಿಗೆಯ ಹಿಮ ಕೊಡವಿ, ಹರಾಜಿಗೆ ಕಾದಿದ್ದ ಯಾರದೋ ಕುರ್ಚಿಯ ಮೇಲೆ ಕುಳಿತ.

“ಗುರುವಾರ ಬರಬೇಡ.”

ಆರ್ವಿಲ್ ಉಸಿರು ಬಿಡಲು ಹೋಗಿ ತಡೆದುಕೊಂಡ. “ಯಾಕೆ, ಶುಕ್ರವಾರ ಬರ್ಲಾ?”

“ಯಾವತ್ತೂ ಬೇಡ. ಬಾಸ್ಟನ್ನಿನ ಅಂಗಡಿಯವನು ಸೋಮವಾರವೇ ಫೋನ್ ಮಾಡಿದ್ದ. ಆಯಮ್ಮ ಗೆದ್ರೆ ಸಣ್ಣ ಬಟ್ಟಲು ಕಳಿಸು, ಅವನು ಗೆದ್ರೆ ಆಚೆ ದಡಕ್ಕೆ ಮಾರೋಕೆ ದೊಡ್ಡವು ಅಂತ. ಇವತ್ತು ಸಣ್ಣವೇ ಅಂತ ಗಟ್ಟಿ ಮಾಡ್ದ. ಮರಕ್ಕೆ ಹೇಳಿದೀನಿ.”

“ನವೆಂಬರ್‌ನ ದೊಡ್ಡ ಚುನಾವಣೇಲಿ ಬೇರೆ ಯಾರೋ ಗೆದ್ರೆ?”

“ನವೆಂಬರ್‌ದು ನವೆಂಬರ್‌ನಲ್ಲಿ. ಒಂದು ಚಳಿಗಾಲಕ್ಕೆ ಮರ ತರಿಸೋಕೆ ಇಷ್ಟು ಸಾಕು.” ಹೋರೇಸ್ ಎದ್ದ. ಬಾಗಿಲವರೆಗೆ ಹೋಗಿ ತಿರುಗಿದ. “ನಿನ್ನ ದಲ್ಲಾಳಿ ಹಣ ಹೋಯ್ತಲ್ಲೋ.”

“ಹೋಗ್ಲಿ ಬಿಡು.”

“ನಿನ್ನ ಬಾಯಲ್ಲಿ ಈ ಮಾತಾ! ಹುಷಾರಾಗಿದೀಯ ತಾನೇ?” ಎಂದು ಹೋರೇಸ್ ನಗುತ್ತ ಹೋದ.

ಹರಾಜು ಕೂಗುವವರಲ್ಲಿ ತನ್ನ ಹರಾಜನ್ನೇ ಕೂಗಿ ಕಳೆದುಕೊಂಡವನು ಆ ಸೀಮೆಯಲ್ಲಿ ಇವನೊಬ್ಬನೇ ಇರಬೇಕು. ವ್ಯಾಪಾರದ ಲೆಕ್ಕದಲ್ಲಿ ಇದು ಶುದ್ಧ ದಡ್ಡತನ. ಅವನು ಮಾತ್ರ ಆ ದಿನವಿಡೀ ಸಿಳ್ಳೆ ಹಾಕಿಕೊಂಡು ತಿರುಗಿದ.

ಗುರುವಾರ ಬೆಳಗ್ಗೆ ವರ್ನಾ ಊಟದ ಡಬ್ಬಿ ಹಿಡಿದು, ಕಿವಿಗೆ ಟೊಪ್ಪಿಗೆ ಎಳೆದುಕೊಂಡು ಬಾಗಿಲಲ್ಲಿ ನಿಂತಳು.

“ಇವತ್ತು ಏನು ಕೆಲಸ ನಿಂಗೆ?”

“ಏನೂ ಇಲ್ಲ. ದೊಡ್ಡ ಕೆಲಸ ಇತ್ತು, ತಪ್ಪೋಯ್ತು.”

“ಹಾಗಾದ್ರೆ ಪಾತ್ರೆ ತೊಳ್ದಿಡು. ಹೂರಣ ಬೇಯಿಸಿದ ತಪ್ಪಲೆ ಶನಿವಾರದಿಂದ ನೆನೀತಾ ಬಿದ್ದಿದೆ. ತಳ ಹತ್ತಿದೆ, ಗಟ್ಟಿಯಾಗಿ ಉಜ್ಜು” ಎಂದು ಹೇಳಿ ಅವಳು ಹಿಮದಲ್ಲಿ ಗಿರಣಿಯ ಕಡೆ ಹೊರಟಳು.

ಆರ್ವಿಲ್ ತೋಳು ಮಡಚಿದ. ತಪ್ಪಲೆಯ ಅರ್ಧ ತಳ ಬೆಳಗುವ ಹೊತ್ತಿಗೆ ರಸ್ತೆಯಲ್ಲಿ ಮೊದಲ ಮರದ ಲಾರಿ ಬಂತು. ಸರಪಳಿ ಬಿಗಿದ ಮೇಪಲ್ ದಿಮ್ಮಿಗಳು, ತೊಗಟೆಯ ಮೇಲೆ ಇನ್ನೂ ಹಿಮ. ಅಡುಗೆಮನೆಯ ಕಿಟಕಿ ಗಡಗಡ ನಡುಗಿತು. ಅಷ್ಟು ಮರಕ್ಕೆ ಎಷ್ಟು ಬೆಲೆ ಬರುತ್ತದೆಂದು ಅವನಿಗೆ ಕಣ್ಣಳತೆಯಲ್ಲೇ ಗೊತ್ತಾಯಿತು. ಕೇಳುವವರು ಯಾರೂ ಇರಲಿಲ್ಲ. ಅವನು ಸೋಪಿನ ಕೈಯನ್ನೇ ಎತ್ತಿ ಲಾರಿಯವನಿಗೆ ಬೀಸಿ, ಮತ್ತೆ ತಪ್ಪಲೆಗೆ ಬಗ್ಗಿದ.